ವೋಟರ್ ಐಡಿ ಇದೆ, ವಾರ್ಡ್ ಪಟ್ಟಿಯಲ್ಲಿ ಹೆಸರಿಲ್ಲ: ಓದುಗರ ಪ್ರಶ್ನೆಗಳಿಗೆ ಉತ್ತರ

ತಾಲ್ಲೂಕು ಕಚೇರಿಯ ಚುನಾವಣಾ ಶಾಖೆಯಲ್ಲಿ ಶಿರಸ್ತೇದಾರನಾಗಿದ್ದಾಗ ಕೇಳಿದ ಪ್ರಶ್ನೆಗಳೇ ಈಗಲೂ ಪತ್ರದಲ್ಲಿ ಬರುತ್ತಿವೆ. ಹೊಸಬರು ನಮೂನೆ 6 ತುಂಬಬೇಕು, ವಿಳಾಸ ಬದಲಾವಣೆ ಮತ್ತು ತಿದ್ದುಪಡಿಗೆ ನಮೂನೆ 8 ಎಂಬುದನ್ನು ಇಲ್ಲಿ ವಿವರಿಸುವುದಿಲ್ಲ. ಅದು ಎಲ್ಲ ಕಡೆ ಸಿಗುತ್ತದೆ. ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳದ ಒಂದು ವಿಷಯಕ್ಕೇ ಹೆಚ್ಚು ಜಾಗ ಕೊಡುತ್ತೇನೆ.

ಪ್ರಶ್ನೆ: ನಾನು ತಿಪಟೂರಿನವನು. ವಿಧಾನಸಭೆ, ಲೋಕಸಭೆ ಎರಡಕ್ಕೂ ಮನೆ ಹತ್ತಿರದ ಶಾಲೆಯಲ್ಲೇ ಓಟು ಹಾಕಿದ್ದೇನೆ. ನಗರಸಭೆ ಚುನಾವಣೆಯಲ್ಲಿ ಮಾತ್ರ ನಮ್ಮ ವಾರ್ಡ್‌ನಲ್ಲಿ ಹೆಂಡತಿಯ ಹೆಸರಿತ್ತು, ನನ್ನದಿರಲಿಲ್ಲ. ಪಕ್ಕದ ವಾರ್ಡ್‌ಗೆ ಹೋಗಿದೆ ಎಂದರು. ವೋಟರ್ ಐಡಿ ಕೈಯಲ್ಲೇ ಇದೆ. ಯಾರೋ ಬೇಕೆಂದೇ ಮಾಡಿಸಿದ್ದಾರೆ ಅನ್ನಿಸುತ್ತದೆ. ಏನು ಮಾಡಲಿ?

ಮೊದಲು ಆ ಕಾರ್ಡ್‌ನ ಮೇಲಿನ ನಂಬಿಕೆ ಬಿಡಿ. ಅದು ನಿಮ್ಮ ಗುರುತು ಹೇಳುತ್ತದೆ, ಅಷ್ಟೇ. ಓಟಿನ ಹಕ್ಕು ಬರುವುದು ಪಟ್ಟಿಯಿಂದ. ಪಟ್ಟಿಯಲ್ಲಿ ಹೆಸರಿದ್ದು ಕಾರ್ಡ್ ಕಳೆದುಹೋಗಿದ್ದರೆ ಆಧಾರ್, ಪಾನ್, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್‌ನಂಥ ಬೇರೆ ದಾಖಲೆ ತೋರಿಸಿ ಓಟು ಹಾಕಬಹುದು. ಕಾರ್ಡ್ ಇದ್ದು ಹೆಸರಿಲ್ಲದಿದ್ದರೆ ಮತಗಟ್ಟೆ ಅಧಿಕಾರಿ ಏನೂ ಮಾಡಲಾರ. ಅವನ ಮೇಲೆ ರೇಗಬೇಡಿ.

ಇನ್ನು ವಾರ್ಡ್ ವಿಷಯ. ವಿಧಾನಸಭೆ, ಲೋಕಸಭೆ ಚುನಾವಣೆ ನಡೆಸುವುದು ಭಾರತ ಚುನಾವಣಾ ಆಯೋಗ. ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ ಚುನಾವಣೆ ನಡೆಸುವುದು ಕರ್ನಾಟಕ ರಾಜ್ಯ ಚುನಾವಣಾ ಆಯೋಗ. ಇವೆರಡೂ ಬೇರೆ ಬೇರೆ. ಆದರೆ ರಾಜ್ಯ ಆಯೋಗ ಮನೆಮನೆಗೆ ಹೋಗಿ ಹೊಸ ಪಟ್ಟಿ ಬರೆಯುವುದಿಲ್ಲ. ವಿಧಾನಸಭೆಯ ಪಟ್ಟಿಯನ್ನೇ ತೆಗೆದುಕೊಂಡು ವಾರ್ಡ್‌ವಾರು ವಿಂಗಡಿಸುತ್ತಾರೆ. ಎಡವಟ್ಟು ಆಗುವುದು ಈ ವಿಂಗಡಣೆಯಲ್ಲಿ.

ವಿಧಾನಸಭೆ ಪಟ್ಟಿಯಲ್ಲಿ ವಾರ್ಡ್ ಲೆಕ್ಕವಿಲ್ಲ, ‘ಭಾಗ’ದ ಲೆಕ್ಕವಿದೆ. ಒಂದು ಮತಗಟ್ಟೆಗೆ ಒಂದು ಭಾಗ. ವಾರ್ಡ್‌ನ ಗಡಿ ಜನಸಂಖ್ಯೆ ನೋಡಿ ಸರ್ಕಾರ ಗುರುತಿಸಿದ್ದು; ಅದು ಭಾಗದ ಗಡಿಗೆ ಸರಿಹೊಂದಬೇಕೆಂದಿಲ್ಲ. ರಸ್ತೆಯ ಬಲಗಡೆ ಒಂದು ವಾರ್ಡ್, ಎಡಗಡೆ ಇನ್ನೊಂದು, ಎರಡೂ ಕಡೆಯವರು ಒಂದೇ ಭಾಗದಲ್ಲಿ: ಸಣ್ಣ ಊರುಗಳಲ್ಲಿ ಇದು ಸಾಮಾನ್ಯ. ಆಗ ಆ ಭಾಗವನ್ನು ಒಡೆಯಬೇಕು. ಒಡೆಯುವವರಿಗೆ ನಿಮ್ಮ ಮುಖಪರಿಚಯವಿಲ್ಲ. ಅವರು ನೋಡುವುದು ಪಟ್ಟಿಯಲ್ಲಿ ನಿಮ್ಮ ಹೆಸರಿನ ಕೆಳಗಿರುವ ಮನೆ ಸಂಖ್ಯೆ, ಮತ್ತು ನೀವು ಯಾವ ಬೀದಿಯ ವಿಭಾಗದಲ್ಲಿದ್ದೀರಿ ಎಂಬುದು.

ನಿಮ್ಮ ಭಾಗದ ಪಟ್ಟಿ ತೆರೆದು ನೋಡಿ. ಮೊದಲ ಪುಟದಲ್ಲಿ ಆ ಭಾಗಕ್ಕೆ ಸೇರಿದ ಬೀದಿಗಳ ಹೆಸರು ಇರುತ್ತವೆ. ಒಳಪುಟಗಳಲ್ಲಿ ಒಂದೊಂದಕ್ಕೆ 30 ಚೌಕ. ಪ್ರತಿ ಚೌಕದಲ್ಲಿ ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆ ಸಂಖ್ಯೆ, ವಯಸ್ಸು, ಲಿಂಗ. ಆ ಮನೆ ಸಂಖ್ಯೆಯ ಮೇಲೆ ಬೆರಳಿಟ್ಟು ಕೆಳಗೆ ಸರಿಯುತ್ತಾ ಹೋಗಿ. ಎಷ್ಟೋ ಚೌಕಗಳಲ್ಲಿ ಬರೀ ಸೊನ್ನೆ, ಇಲ್ಲವೇ ಒಂದು ಗೆರೆ. ಇನ್ನು ಕೆಲವದರಲ್ಲಿ ಹಳೇ ಡೋರ್ ನಂಬರ್, ಪಕ್ಕದ ಚೌಕದಲ್ಲಿ ಹೊಸ ಅಸೆಸ್‌ಮೆಂಟ್ ನಂಬರ್. ಗಂಡನದು ಅಪ್ಪನ ಮನೆಯಲ್ಲಿದ್ದಾಗ ಬರೆಸಿದ ವಿಳಾಸ, ಹೆಂಡತಿಯದು ಮದುವೆಯಾದ ಮೇಲೆ ಈಗಿನ ಮನೆಯಲ್ಲಿ ಬರೆಸಿದ್ದು. ಒಂದೇ ಸೂರಿನಡಿ ಇರುವ ಇಬ್ಬರು ಪಟ್ಟಿಯಲ್ಲಿ ಎರಡು ಬೀದಿಯವರಾಗುವುದು ಹೀಗೆ. ನಿಮ್ಮದೂ ಇದೇ ಇರಬೇಕು. ಪಿತೂರಿ ಎಂದು ಕೂಗುವ ಮೊದಲು ನಿಮ್ಮ ಚೌಕ, ಹೆಂಡತಿಯ ಚೌಕ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ವಿಳಾಸ ಎರಡರಲ್ಲೂ ಸರಿಯಿದ್ದು ಆಗಲೂ ವಾರ್ಡ್ ಬೇರೆಯಾಗಿದ್ದರೆ ಲಿಖಿತ ದೂರು ಕೊಡಿ. ಆಗ ದೂರಿಗೆ ಆಧಾರವಿರುತ್ತದೆ.

ಮಾಡಬೇಕಾದ್ದು ಎರಡು. ಮೊದಲನೆಯದನ್ನು ಈಗಲೇ ಮಾಡಿ, ಚುನಾವಣೆಗೆ ಕಾಯಬೇಡಿ. ನಮೂನೆ 8ರಲ್ಲಿ ವಿಳಾಸ ಸರಿಪಡಿಸಿ. ಮನೆ ಬದಲಾಗಿದ್ದರೆ ಅದೇ ನಮೂನೆಯಲ್ಲಿ ಸ್ಥಳಾಂತರದ ಅಂಕಣ ಇದೆ. ಮನೆಯವರೆಲ್ಲರ ವಿಳಾಸವೂ ಅಕ್ಷರಶಃ ಒಂದೇ ರೀತಿ ಇರಲಿ, ಬೀದಿಯ ಹೆಸರು ಬಿಡಬೇಡಿ. ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಪರಿಶೀಲನೆಗೆ ಬಂದಾಗ ಮನೆಯಲ್ಲಿ ಒಬ್ಬರಾದರೂ ಇರಿ. ಹೆಚ್ಚಿನ ಕಡೆ ಅವರು ಅಂಗನವಾಡಿ ಕಾರ್ಯಕರ್ತೆ ಅಥವಾ ಶಾಲೆಯ ಮೇಡಂ. ತಮ್ಮ ಕೆಲಸ ಮುಗಿಸಿ ಬಿಸಿಲಲ್ಲಿ ನಿಮ್ಮ ಬಾಗಿಲಿಗೆ ಬರುತ್ತಾರೆ. ನಾಳೆ ಬನ್ನಿ ಎಂದು ಕಳಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಎರಡನೆಯದು, ನಗರಸಭೆ ಚುನಾವಣೆಗೆ ಮುನ್ನ ವಾರ್ಡ್‌ವಾರು ಕರಡು ಪಟ್ಟಿ ಪ್ರಕಟಿಸಿ ಆಕ್ಷೇಪಣೆ ಕರೆಯುತ್ತಾರೆ. ಕೆಲವೇ ದಿನಗಳ ಅವಕಾಶ. ತಾಲ್ಲೂಕು ಕಚೇರಿಗೋ ನಗರಸಭೆಗೋ ಹೋಗಿ ನಿಮ್ಮ ವಾರ್ಡ್‌ನ ಕರಡಿನಲ್ಲಿ ಹೆಸರು ನೋಡಿ. ತಪ್ಪು ವಾರ್ಡ್‌ಗೆ ಹೋಗಿದ್ದರೆ ಆಗಲೇ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಮೊಬೈಲ್‌ನ ಭಾರತ ಚುನಾವಣಾ ಆಯೋಗದ ಆಪ್‌ನಲ್ಲಿ ಹೆಸರಿದೆ ಎಂದು ಮನೆಯಲ್ಲಿ ಕೂರಬೇಡಿ. ಅದು ತೋರಿಸುವ ಭಾಗ, ಮತಗಟ್ಟೆ ಎಲ್ಲ ವಿಧಾನಸಭೆಯದ್ದು. ಪ್ರತಿ ನಗರಸಭೆ ಚುನಾವಣೆಯಲ್ಲೂ ಜನ ಮೋಸಹೋಗುವುದು ಇಲ್ಲೇ.

ವಿಧಾನಸಭೆ ಪಟ್ಟಿಯಲ್ಲೇ ಹೆಸರಿಲ್ಲದವರಿಗೆ ವಾರ್ಡ್ ಪಟ್ಟಿಗೆ ಅಡ್ಡದಾರಿ ಇಲ್ಲ. ಮೊದಲು ಅಲ್ಲಿ ಸೇರಿಸಿಕೊಳ್ಳಿ.

ಪ್ರಶ್ನೆ: ಹಳ್ಳಿಯಲ್ಲೂ ಓಟಿದೆ, ಸಿಟಿಯಲ್ಲೂ ಇದೆ. ಹಳ್ಳಿಯದನ್ನು ತೆಗೆಸಿದರೆ ಜಮೀನಿಗೆ ತೊಂದರೆಯಾಗುತ್ತದೆ ಎನ್ನುತ್ತಾರೆ. ನಿಜವೇ?

ಶುದ್ಧ ಸುಳ್ಳು. ಪಹಣಿಗೂ ಮತದಾರರ ಪಟ್ಟಿಗೂ ಸಂಬಂಧವೇ ಇಲ್ಲ. ಸ್ವಂತ ಮನೆ ಇದೆ ಎಂಬ ಒಂದೇ ಕಾರಣಕ್ಕೆ ಯಾರೂ ಆ ಊರಿನ ಸಾಮಾನ್ಯ ನಿವಾಸಿ ಆಗುವುದಿಲ್ಲ ಎಂದು 1950ರ ಪ್ರಜಾಪ್ರತಿನಿಧಿ ಕಾಯ್ದೆಯೇ ಹೇಳುತ್ತದೆ. ಎರಡು ಕಡೆ ಹೆಸರು ಇಟ್ಟುಕೊಳ್ಳುವಂತಿಲ್ಲ. ಅರ್ಜಿಯಲ್ಲಿ ಸುಳ್ಳು ಘೋಷಣೆ ಕೊಟ್ಟರೆ ಒಂದು ವರ್ಷದವರೆಗೆ ಜೈಲು, ದಂಡ, ಇಲ್ಲವೇ ಎರಡೂ. ಪಂಚಾಯಿತಿ ಚುನಾವಣೆಯಲ್ಲಿ ‘ನಿನ್ನ ಓಟು ಊರಲ್ಲೇ ಇರಲಿ’ ಎಂದು ಪುಸಲಾಯಿಸುವ ನೆಂಟರು ಆ ದಂಡ ಕಟ್ಟಲು ಬರುವುದಿಲ್ಲ.

ಪ್ರಶ್ನೆ: ಹೆಸರಿಲ್ಲದಿದ್ದರೂ 49ಎ ಪ್ರಕಾರ ಆಧಾರ್ ತೋರಿಸಿ ‘ಚಾಲೆಂಜ್ ವೋಟ್’ ಹಾಕಬಹುದಂತೆ?

ಈ ವಾಟ್ಸ್‌ಆ್ಯಪ್ ಸಂದೇಶ ಪ್ರತಿ ಚುನಾವಣೆಯಲ್ಲೂ ಹೊಸದಾಗಿ ಹುಟ್ಟಿ ಬರುತ್ತದೆ. ಚುನಾವಣಾ ನಿಯಮಗಳಲ್ಲಿ 49ಎ ಇರುವುದು ಮತಯಂತ್ರದ ವಿನ್ಯಾಸದ ಬಗ್ಗೆ. ಚಾಲೆಂಜ್ ಮಾಡುವುದು ಬೂತ್‌ನಲ್ಲಿ ಕೂತ ಏಜೆಂಟ್, ಓಟು ಹಾಕಲು ಬಂದವನ ಗುರುತಿನ ಬಗ್ಗೆ, 2 ರೂಪಾಯಿ ಠೇವಣಿ ಇಟ್ಟು. ನಿಮ್ಮ ಹೆಸರಲ್ಲಿ ಬೇರೆ ಯಾರೋ ಆಗಲೇ ಓಟು ಹಾಕಿದ್ದರೆ ಮಾತ್ರ ನಿಮಗೆ ಟೆಂಡರ್ಡ್ ವೋಟ್ ಎಂಬ ಮತಪತ್ರ ಸಿಗುತ್ತದೆ. ಅಂಥ ಓಟು ಶೇ 14 ದಾಟಿದರೆ ಮರುಮತದಾನ ಎಂದು ಅದೇ ಸಂದೇಶದಲ್ಲಿ ಬರುವುದೂ ಕಟ್ಟುಕತೆ. ಇಂಥ ಸಂದೇಶ ಬಂದರೆ ಮುಂದಕ್ಕೆ ಕಳಿಸಬೇಡಿ, ಕಳಿಸಿದವರಿಗೆ ಸುಳ್ಳೆಂದು ತಿಳಿಸಿ.

ಪ್ರಶ್ನೆ: ಮಗಳಿಗೆ ಏಪ್ರಿಲ್‌ನೊಳಗೆ 18 ತುಂಬುತ್ತದೆ. ಮುಂದಿನ ಜನವರಿಯವರೆಗೆ ಕಾಯಬೇಕೇ?

ಬೇಡ. 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ 1ನೇ ತಾರೀಕುಗಳು ನಾಲ್ಕೂ ಅರ್ಹತಾ ದಿನಾಂಕಗಳು. 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಹಾಕಬಹುದು.

ಪ್ರಶ್ನೆ: ನಗರಸಭೆ ಸದಸ್ಯ ಸ್ಥಾನಕ್ಕೆ ನಿಲ್ಲಲು 25 ವರ್ಷ ಆಗಿರಬೇಕೇ?

ಇಲ್ಲ, 21.

ಪ್ರಶ್ನೆ: ನಮ್ಮ ವಾರ್ಡ್‌ನ ಮುಖಂಡರು ಎಲ್ಲರ ವೋಟರ್ ಐಡಿ, ಮೊಬೈಲ್ ನಂಬರ್, ಒಟಿಪಿ ತೆಗೆದುಕೊಂಡು ತಾವೇ ಮಾಡಿಸಿಕೊಡುತ್ತೇನೆ ಎನ್ನುತ್ತಿದ್ದಾರೆ. ಸೈಬರ್ ಸೆಂಟರ್‌ನವರು ದುಡ್ಡು ಕೇಳುತ್ತಾರೆ. ಯಾವುದು ವಾಸಿ?

ಎರಡೂ ಬೇಡ. ಅರ್ಜಿಗೆ ಶುಲ್ಕವಿಲ್ಲ. ಸೈಬರ್ ಸೆಂಟರ್‌ನವರು ಟೈಪಿಂಗ್‌ಗೆ, ಪ್ರಿಂಟಿಗೆ ತೆಗೆದುಕೊಂಡರೆ ಸರಿ. ‘ಒಳಗೆ ಕೊಡಬೇಕು’ ಎಂದು ಕೇಳಿದರೆ ಅವನು ದಲ್ಲಾಳಿ, ಎದ್ದು ಬನ್ನಿ. ಮುಖಂಡರ ವಿಷಯದಲ್ಲಂತೂ ನಾನು ಇನ್ನೂ ಬಿಗಿ. ಒಟಿಪಿ ಕೊಟ್ಟರೆ ನಿಮ್ಮ ಹೆಸರಲ್ಲಿ ಯಾವ ನಮೂನೆ ಹೋಯಿತೆಂದು ನಿಮಗೇ ಗೊತ್ತಾಗುವುದಿಲ್ಲ. ನಮೂನೆ 7 ಎಂಬುದೊಂದಿದೆ, ಅದು ಹೆಸರು ತೆಗೆಸುವುದಕ್ಕೆ. ಖಾಲಿ ನಮೂನೆಗೆ ಸಹಿ ಹಾಕಿ ಯಾರ ಕೈಗೂ ಕೊಡಬೇಡಿ. ನೇರವಾಗಿ ಬಿಎಲ್‌ಒಗೆ ಕೊಡಿ, ಅವರು ಯಾರೆಂದು ತಿಳಿಯದಿದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ ಕೇಳಿ. ಉಲ್ಲೇಖ ಸಂಖ್ಯೆಯನ್ನು ಕ್ಯಾಲೆಂಡರ್‌ನ ಮೇಲೆ ಬರೆದಿಟ್ಟುಕೊಂಡು, ಅರ್ಜಿ ಅಂಗೀಕಾರವಾಯಿತೋ ತಿರಸ್ಕಾರವಾಯಿತೋ ಎಂದು ನೀವೇ ನೋಡಿ. ತಿರಸ್ಕಾರವಾಗಿದ್ದರೆ ಕಾರಣ ಕೇಳಿಕೊಂಡು ಮತ್ತೆ ಹಾಕಿ. ನಾಮಪತ್ರ ಸಲ್ಲಿಕೆ ಮುಗಿದ ಮೇಲೆ ಯಾರ ಕಾಲು ಹಿಡಿದರೂ ಪಟ್ಟಿ ಬದಲಾಗುವುದಿಲ್ಲ.