ಎರಡು ಗಂಟೆಯದೂ ಅರ್ಧ ಗಂಟೆಯದೂ ಒಂದೇ ಪಟ್ಟಿಯಲ್ಲಿ: ಸಂಪಾದಕರ ಉತ್ತರ

ಪ್ರಿಯ ಓದುಗರೇ,

2024ರ ಪಂಕ್ (ಒರಟು, ವೇಗದ ರಾಕ್) ಮತ್ತು ಇಂಡೀ (ದೊಡ್ಡ ಕಂಪನಿಗಳ ಹೊರಗೆ ಬೆಳೆದ ರಾಕ್) ಆಲ್ಬಂಗಳ ನಮ್ಮ ಪಟ್ಟಿ ಓದಿ ನೀವು ಬರೆದ ಪತ್ರದಲ್ಲಿ ಮೂರು ಆಕ್ಷೇಪಗಳಿವೆ, ಒಂದು ಕೋರಿಕೆಯೂ ಇದೆ. ಮೊದಲ ಸ್ಥಾನ ಎರಡು ಗಂಟೆಯ ಆಲ್ಬಂಗೆ, ಎರಡನೆಯದು ಅರ್ಧ ಗಂಟೆಯದಕ್ಕೆ ಹೋಗಿದೆಯಲ್ಲ, ಇದೆಂಥ ಅಳತೆ ಎಂದು ಕೇಳಿದ್ದೀರಿ. ಹಲವು ಹಾಡುಗಳಲ್ಲಿ ಗಿಟಾರ್ ಸದ್ದಿನಡಿ ಮಾತೇ ಕೇಳಿಸುವುದಿಲ್ಲ ಎಂದಿದ್ದೀರಿ. ಬ್ಯಾಂಜೊ (ಅಮೆರಿಕದ ಜನಪದ ಸಂಗೀತದ ತಂತಿವಾದ್ಯ) ಇರುವ ಆಲ್ಬಂಗೆ ಇಲ್ಲೇನು ಕೆಲಸ ಎಂದಿದ್ದೀರಿ. ಕೊನೆಗೆ, ಸ್ವಂತ ಪಟ್ಟಿ ಮಾಡಲು ಹೊರಟವರು ಹೇಗೆ ಕೇಳಬೇಕು ಎಂದು ವಿಚಾರಿಸಿದ್ದೀರಿ.

ಉದ್ದದ ಮಾತು ಮೊದಲು. ಸಿಂಡಿ ಲೀ ಎಂಬುದು ಪ್ಯಾಟ್ರಿಕ್ ಫ್ಲೆಗಲ್ ಹಾಡುವಾಗ ಇಟ್ಟುಕೊಂಡ ಹೆಸರು. ಮೊದಲು ಅವರು ಕೆನಡಾದ ಕ್ಯಾಲ್ಗರಿಯ 'ವಿಮೆನ್' ತಂಡದಲ್ಲಿದ್ದರು. ನಮ್ಮ ಪಟ್ಟಿಯ ಮೊದಲ ಸ್ಥಾನದಲ್ಲಿರುವ ಅವರ 'ಡೈಮಂಡ್ ಜುಬಿಲಿ'ಯಲ್ಲಿ 32 ಹಾಡುಗಳು, ಒಟ್ಟು ಸುಮಾರು 122 ನಿಮಿಷ. 2024ರ ಮಾರ್ಚ್ ಕೊನೆಯಲ್ಲಿ ಅದು ಹೊರಬಂದಾಗ ಸ್ಟ್ರೀಮಿಂಗ್ ಸೇವೆಗಳಲ್ಲಿ ಇರಲಿಲ್ಲ. ಯೂಟ್ಯೂಬಿನಲ್ಲಿ ಇಡೀ ಆಲ್ಬಂ ಒಂದೇ ವಿಡಿಯೊ ಆಗಿತ್ತು, ಜೊತೆಗೆ ಡೌನ್‌ಲೋಡ್ ಮಾಡಿಕೊಳ್ಳುವ ಕಡತಗಳಿದ್ದವು, ಅಷ್ಟೇ. ಹೀಗಾಗಿ ಬೇಕಾದ ಹಾಡನ್ನಷ್ಟೇ ಆರಿಸಿಕೊಂಡು ಮುಂದೆ ಹೋಗುವ ಅಭ್ಯಾಸಕ್ಕೆ ಅಲ್ಲಿ ಆಸ್ಪದ ಕಡಿಮೆ. ಅರವತ್ತರ ದಶಕದ ಹುಡುಗಿಯರ ಗಾಯನ ತಂಡಗಳ ನೆನಪು ತರುವ ದನಿಗಳು, ರಿವರ್ಬ್‌ನಲ್ಲಿ (ಗುಂಯ್‌ಗುಡುವ ಪ್ರತಿಧ್ವನಿಯಲ್ಲಿ) ನೆನೆದ ಗಿಟಾರ್, ನಡುವೆ ಒಮ್ಮೆಲೆ ಸಿಂಥಸೈಜರ್ ತಾಳ. ಹಿನ್ನೆಲೆಯ 'ಹಿಸ್' ಎಂಬ ಸದ್ದು, ಮಬ್ಬು ಅಂಚುಗಳು ಕಡತದ ದೋಷವಲ್ಲ, ರೆಕಾರ್ಡಿಂಗೇ ಹಾಗಿದೆ. ಇದರಿಂದ ಹತ್ತು ಹಾಡು ತೆಗೆದುಹಾಕಿದರೆ ಉಳಿದವು ಮೇಲಾಗುತ್ತವೆಯೇ? ಆಗುವುದಿಲ್ಲ ಎಂಬುದು ನಮ್ಮ ತೀರ್ಮಾನ. ಒಂದು ಹಾಡಿನ ಸದ್ದಿಗೆ ಕಿವಿ ಒಗ್ಗಿಕೊಂಡ ಮೇಲೆಯೇ ಮುಂದಿನದು ತೆರೆದುಕೊಳ್ಳುತ್ತದೆ. ಹಾಗೆ ಒಗ್ಗಲು ಸಮಯ ಬೇಕು.

ಎರಡನೆಯ ಸ್ಥಾನದ, ಮ್ಯಾನಿಕ್ವಿನ್ ಪುಸಿ ತಂಡದ 'ಐ ಗಾಟ್ ಹೆವನ್' ಇದಕ್ಕೆ ತದ್ವಿರುದ್ಧ. ಫಿಲಡೆಲ್ಫಿಯಾದ ಈ ತಂಡ ಜಾನ್ ಕಾಂಗಲ್ಟನ್ ನಿರ್ಮಾಣದಲ್ಲಿ ಹತ್ತು ಹಾಡುಗಳನ್ನು ಸುಮಾರು ಮೂವತ್ತು ನಿಮಿಷದಲ್ಲಿ ಮುಗಿಸುತ್ತದೆ. ಹಾಡುಗಳ ಅನುಕ್ರಮ ಗಮನಿಸಿ. ಮೊದಲೆರಡು ಹಾಡುಗಳಲ್ಲಿ ಚೀರಾಟ, ನಾಲ್ಕನೆಯ 'ಐ ಡೋಂಟ್ ನೋ ಯು' ಮೆತ್ತಗೆ ಶುರುವಾಗಿ ನಿಧಾನಕ್ಕೆ ಉಬ್ಬುತ್ತದೆ. ಆರನೆಯ ಹಾಡಿನಿಂದ ಎರಡು ನಿಮಿಷದ ಆಸುಪಾಸಿನ ಹಾರ್ಡ್‌ಕೋರ್ (ಇನ್ನೂ ವೇಗದ, ಕಟುವಾದ ಪಂಕ್) ತುಣುಕುಗಳು ನುಗ್ಗುತ್ತವೆ, ನಡುವೆ 'ಸಾಫ್ಟ್‌ಲಿ'ಯಲ್ಲಿ ಉಸಿರಾಡಲು ಜಾಗವಿದೆ. ಗಾಯಕಿ ಮರೀಸಾ ಡಾಬೀಸ್ ಪಿಸುಮಾತಿನಿಂದ ಕಿರುಚಾಟಕ್ಕೆ ಒಂದೇ ಸಾಲಿನಲ್ಲಿ ದಾಟುತ್ತಾರೆ. ಇಂಥದ್ದನ್ನು ಐವತ್ತು ನಿಮಿಷಕ್ಕೆ ಎಳೆದರೆ ಕಿವಿ ಸೋಲುತ್ತದೆ, ಹದಿನೈದನೆಯ ಕಿರುಚಾಟ ಯಾರನ್ನೂ ಅಲ್ಲಾಡಿಸುವುದಿಲ್ಲ. ನಮ್ಮ ಅಳತೆ ಇದು: ಆಲ್ಬಂ ತಾನೇ ಹಾಕಿಕೊಂಡ ಚೌಕಟ್ಟನ್ನು ತುಂಬಿದೆಯೇ?

ಉದ್ದದ ಹಿಂದೆ ಗ್ರಾಮಫೋನ್ ತಟ್ಟೆಯ ಲೆಕ್ಕವೂ ಇದೆ. 12 ಅಂಗುಲದ ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಸೂಜಿಯ ಕೆಳಗೆ ಗೆರೆ ಹಾದುಹೋಗುವ ವೇಗ ಹೊರ ಅಂಚಿನಲ್ಲಿ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್, ಒಳಗಿನ ಕೊನೆಯ ಗೆರೆಯಲ್ಲಿ 21ರ ಹತ್ತಿರ. ಅಂದರೆ ಒಳಗೆ ಸಾಗಿದಂತೆ ಅದೇ ಸದ್ದು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಮುದುಡಬೇಕು. ಬದಿಯ ಕೊನೆಯ ಹಾಡಿನಲ್ಲಿ 'ಸ', 'ಶ' ಅಕ್ಷರಗಳೂ ಸಿಂಬಲ್‌ಗಳೂ ಕರಕರ ಎನ್ನುವುದು ಇದರಿಂದಲೇ. ಬದಿಯೊಂದರಲ್ಲಿ 22 ನಿಮಿಷ ದಾಟಿದರೆ ಗೆರೆಗಳನ್ನು ಒತ್ತೊತ್ತಾಗಿ ಕೊರೆಯಬೇಕು, ಅದಕ್ಕಾಗಿ ಸದ್ದಿನ ಮಟ್ಟ ಇಳಿಸಬೇಕು. ಆಗ ತಟ್ಟೆಯ ಗರಗರ ಎದ್ದು ಕೇಳುತ್ತದೆ. ಮೂವತ್ತು ನಿಮಿಷದ ಪಂಕ್ ಆಲ್ಬಂ ಬದಿಗೆ ಹದಿನೈದೇ ನಿಮಿಷ ಆಗುವುದರಿಂದ ಅಗಲವಾಗಿ, ಜೋರಾಗಿ ಕೊರೆಯಬಹುದು. 'ಡೈಮಂಡ್ ಜುಬಿಲಿ' 2025ರಲ್ಲಿ ಮೂರು ಎಲ್‌ಪಿಗಳಾಗಿ ಬಂತು. ಆರು ಬದಿಗೆ ಹಂಚಿದರೆ ಬದಿಗೆ ಇಪ್ಪತ್ತು ನಿಮಿಷ, ಸುರಕ್ಷಿತ ಮಿತಿಯೊಳಗೇ.

ಇನ್ನು ಮುಳುಗಿದ ಮಾತು. ಗಿಟಾರಿಗೆ ಡಿಸ್ಟಾರ್ಷನ್ (ಸದ್ದನ್ನು ಬೇಕೆಂದೇ ಒರಟಾಗಿಸುವ ತಂತ್ರ) ಹಾಕಿದೊಡನೆ ಅದರ ಸದ್ದು ಸುಮಾರು 1ರಿಂದ 4 ಕಿಲೋಹರ್ಟ್ಸ್ ವಲಯವನ್ನು ದಟ್ಟವಾಗಿ ತುಂಬುತ್ತದೆ. ವ್ಯಂಜನಗಳನ್ನು ನಾವು ಗುರುತಿಸುವುದು ಬಹುಪಾಲು ಅದೇ ವಲಯದಲ್ಲಿ. ಹಾಗಾಗಿ ಗಾಯಕರ ದನಿಯನ್ನು ಗಿಟಾರ್‌ಗಿಂತ ಮೇಲೆತ್ತದಿದ್ದರೆ ಮಾತು ಮಸುಕಾಗುವುದು ಖಂಡಿತ. ಎಷ್ಟೋ ತಂಡಗಳು ಬೇಕೆಂದೇ ಎತ್ತುವುದಿಲ್ಲ: ದನಿಯೂ ತಂಡದ ಒಂದು ವಾದ್ಯವಾಗಿರಲಿ ಎಂಬ ನಿಲುವು ಅದು. ಈ ನಿಲುವನ್ನು ಕೊನೆಯವರೆಗೂ ಬಿಡದವರು ರೆಕಾರ್ಡಿಂಗ್ ಎಂಜಿನಿಯರ್, ಗಿಟಾರ್ ವಾದಕ ಸ್ಟೀವ್ ಆಲ್ಬಿನಿ. ಅವರು 2024ರ ಮೇ 7ರಂದು, 61ನೆಯ ವಯಸ್ಸಿನಲ್ಲಿ ತೀರಿಕೊಂಡರು. ಹತ್ತು ದಿನಕ್ಕೆ ಅವರ ಶೆಲ್ಯಾಕ್ ತಂಡದ 'ಟು ಆಲ್ ಟ್ರೇನ್ಸ್' ಬಂತು. ಹತ್ತು ಹಾಡು, 28 ನಿಮಿಷ. ಷಿಕಾಗೊದ ತಮ್ಮ ಎಲೆಕ್ಟ್ರಿಕಲ್ ಆಡಿಯೊ ಸ್ಟುಡಿಯೊದಲ್ಲಿ ಅವರು ಡ್ರಮ್‌ಗೆ ಹತ್ತಿರದ ಮೈಕ್‌ಗಳಷ್ಟೇ ಅಲ್ಲದೆ ಕೋಣೆಯ ದೂರದಲ್ಲೂ ಮೈಕ್ ಇಡುತ್ತಿದ್ದರು, ದೂರದ ಸದ್ದನ್ನು ಕೆಲವು ಮಿಲಿಸೆಕೆಂಡ್ ತಡಮಾಡಿ ಸೇರಿಸುತ್ತಿದ್ದರು. ಏಟು ಮೊದಲು ಒಣದಾಗಿ ಬೀಳುತ್ತದೆ, ಕೋಣೆ ಒಂದು ಕ್ಷಣ ತಡೆದು ಉತ್ತರ ಕೊಡುತ್ತದೆ. ಶೆಲ್ಯಾಕ್‌ನ ಟಾಡ್ ಟ್ರೇನರ್ ಅವರ ಡ್ರಮ್ ಅಷ್ಟು ದೊಡ್ಡದಾಗಿ ಕೇಳಲು ಆ ಕೋಣೆಯೇ ಕಾರಣ. ತಾವು ರೆಕಾರ್ಡ್ ಮಾಡಿದ ಆಲ್ಬಂಗಳಿಂದ ರಾಯಲ್ಟಿಯನ್ನೂ ಅವರು ತೆಗೆದುಕೊಳ್ಳುತ್ತಿರಲಿಲ್ಲ. ಹಾಡು ತಂಡದ್ದು, ತನ್ನದು ಕೂಲಿ ಮಾತ್ರ ಎಂಬ ನಿಲುವು. ಈ ಸಂಗೀತದ ಬಗ್ಗೆ ಇದಕ್ಕಿಂತ ಗೌರವದ ನಡೆ ನಮಗೆ ಗೊತ್ತಿಲ್ಲ.

ಮಾತು ಕೇಳಿಸಲೆಂದು ಟ್ರೆಬಲ್ ಏರಿಸಬೇಡಿ. ಗಿಟಾರೂ ಅದರ ಜೊತೆಗೇ ಏರುತ್ತದೆ. ಮೊದಲು ಬಾಸ್ ಬೂಸ್ಟ್ ತೆಗೆಯಿರಿ, ಫೋನಿನ ಸ್ಪೀಕರ್ ಬಿಟ್ಟು ಹೆಡ್‌ಫೋನ್ ಹಾಕಿ, ವಾಲ್ಯೂಮ್ ಸ್ವಲ್ಪ ತಗ್ಗಿಸಿ. ಎರಡನೆಯ ಸಲ ಸಾಹಿತ್ಯ ಕಣ್ಣೆದುರು ಇಟ್ಟುಕೊಂಡು ಕೇಳಿ. ದನಿ ಮುಂದೆ ನಿಲ್ಲಿಸಿದ ಆಲ್ಬಂ ಬೇಕಿದ್ದರೆ ಡಬ್ಲಿನ್‌ನ ಫಾಂಟೇನ್ಸ್ ಡಿ.ಸಿ. ತಂಡದ 'ರೊಮ್ಯಾನ್ಸ್' ಇದೆ. ಅವರ ಮೊದಲ ಮೂರು ಆಲ್ಬಂಗಳ ನಿರ್ಮಾಪಕ ಡ್ಯಾನ್ ಕ್ಯಾರಿ. ಇದಕ್ಕೆ ಜೇಮ್ಸ್ ಫೋರ್ಡ್. 'ಸ್ಟಾರ್‌ಬರ್ಸ್ಟರ್' ಹಾಡಿನಲ್ಲಿ ಗಾಯಕ ಗ್ರಿಯಾನ್ ಚಾಟನ್ ಏದುಸಿರು ಎಳೆದುಕೊಳ್ಳುವ ಸದ್ದೇ ತಾಳದ ಭಾಗವಾಗಿದೆ.

ಬ್ಯಾಂಜೊ ಇರುವುದು ವಾಕ್ಸಹ್ಯಾಚಿಯ 'ಟೈಗರ್ಸ್ ಬ್ಲಡ್'ನಲ್ಲಿ. ಅದು ಕಂಟ್ರಿ ಎಂಬ ಅಮೆರಿಕದ ಗ್ರಾಮೀಣ ಸಂಗೀತದ ಕಡೆ ವಾಲಿದೆ, ಒಪ್ಪಿದೆವು. ಆದರೆ ವಾಕ್ಸಹ್ಯಾಚಿ ಎಂಬ ಹೆಸರಿನಲ್ಲಿ ಹಾಡುವ ಕೇಟಿ ಕ್ರಚ್‌ಫೀಲ್ಡ್ ಬಂದದ್ದು ಅವಳಿ ಸಹೋದರಿ ಆಲಿಸನ್ ಜೊತೆ ಕಟ್ಟಿದ ಪಿ.ಎಸ್. ಎಲಿಯಟ್ ಎಂಬ ಪಂಕ್ ತಂಡದಿಂದ. ಇಲ್ಲಿಯೂ ಸಾಲುಗಳು ನೇರ, ಅಲಂಕಾರ ಕಡಿಮೆ. ಗಿಟಾರ್ ನುಡಿಸಿರುವ ಎಂ.ಜೆ. ಲೆಂಡರ್‌ಮನ್ ಅವರ ಸ್ವಂತ 'ಮ್ಯಾನಿಂಗ್ ಫೈರ್‌ವರ್ಕ್ಸ್' ಕೂಡ ನಮ್ಮ ಪಟ್ಟಿಯಲ್ಲಿದೆ. ಎರಡನ್ನೂ ಒಂದರ ಬೆನ್ನಿಗೆ ಒಂದು ಕೇಳಿದರೆ ನಮ್ಮ ವಾದ ಸ್ಪಷ್ಟವಾದೀತು.

ನಿಮ್ಮ ಪಟ್ಟಿಗೆ ಬರೋಣ. ಹೆಚ್ಚಿನವರು ಎಡವುವುದು ಸದ್ದಿನ ಮಟ್ಟದಲ್ಲಿ. ಎರಡು ಆಲ್ಬಂಗಳಲ್ಲಿ ಒಂದು ಇನ್ನೊಂದಕ್ಕಿಂತ ಒಂದೇ ಡೆಸಿಬೆಲ್ ಜೋರಾಗಿದ್ದರೂ ಅದೇ ಚೆನ್ನಾಗಿದೆ ಎಂದು ಕಿವಿ ತೀರ್ಪು ಕೊಟ್ಟುಬಿಡುತ್ತದೆ. ಆಪ್‌ನಲ್ಲಿ ವಾಲ್ಯೂಮ್ ನಾರ್ಮಲೈಸೇಷನ್ (ಎಲ್ಲದರ ಸದ್ದನ್ನೂ ಒಂದೇ ಮಟ್ಟಕ್ಕೆ ತರುವ ಆಯ್ಕೆ) ಚಾಲೂ ಇರಲಿ. ಸ್ಪಾಟಿಫೈ ಸಾಮಾನ್ಯ ಸ್ಥಿತಿಯಲ್ಲಿ ಎಲ್ಲವನ್ನೂ −14 ಎಲ್‌ಯುಎಫ್‌ಎಸ್ (ಸದ್ದು ಎಷ್ಟು ಜೋರು ಎಂಬುದರ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಜೋರು) ಮಟ್ಟಕ್ಕೆ ತರುತ್ತದೆ. −7ರಲ್ಲಿ ಮಾಸ್ಟರ್ ಮಾಡಿದ (ಅಂತಿಮ ಹದ ಕೊಟ್ಟ) ಪಂಕ್ ಆಲ್ಬಂ ಅಲ್ಲಿ 7 ಡೆಸಿಬೆಲ್ ಇಳಿಯುತ್ತದೆ. ಏಡ್ರಿಯನ್ ಲೆಂಕರ್ ಅವರ 'ಬ್ರೈಟ್ ಫ್ಯೂಚರ್'ನಂಥ ಮೆಲುದನಿಯ ಆಲ್ಬಂಗೂ ಆಗ ನ್ಯಾಯ ಸಿಗುತ್ತದೆ. ಒಂದು ಎಚ್ಚರಿಕೆ: ಆಲ್ಬಂ ಅನ್ನು ಕ್ರಮವಾಗಿ ಹಾಕಿದರೆ ಇಡೀ ಆಲ್ಬಂಗೆ ಒಂದೇ ಹೊಂದಾಣಿಕೆ ಆಗುತ್ತದೆ, ಶಫಲ್ ಅಥವಾ ಪ್ಲೇಲಿಸ್ಟಿನಲ್ಲಿ ಹಾಡು ಹಾಡಿಗೂ ಬೇರೆ. ಆಗ ಮೆತ್ತನೆಯ ಹಾಡೂ ಕಿರುಚಾಟವೂ ಸಮ ಮಟ್ಟಕ್ಕೆ ಬಂದು, ತಂಡ ಕಷ್ಟಪಟ್ಟು ಕಟ್ಟಿದ ಏರಿಳಿತ ಸಮತಟ್ಟಾಗುತ್ತದೆ. ತೀರ್ಪು ಕೊಡುವ ದಿನ ಪ್ಲೇಲಿಸ್ಟ್ ಮುಟ್ಟಬೇಡಿ.

ಕಿವಿಯ ಆರೋಗ್ಯದ ಮಾತೂ ಇಲ್ಲಿಯೇ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. 90ಕ್ಕೆ ಏರಿದರೆ ಕೇವಲ 4 ಗಂಟೆ. ಜೋರಾಗಿ ಕೇಳಲೇಬೇಕೆನಿಸುವ ಆಲ್ಬಂಗಳನ್ನು ವಾರದುದ್ದಕ್ಕೂ ಹಂಚಿಕೊಳ್ಳಿ.

ಮತ್ತೊಂದು ತೊಡಕು ತಿಂಗಳುಗಳದ್ದು. ಜನವರಿ, ಫೆಬ್ರವರಿಯಲ್ಲಿ ಬಂದವು ವರ್ಷಾಂತ್ಯಕ್ಕೆ ಮರೆತುಹೋಗುತ್ತವೆ, ಅಕ್ಟೋಬರ್, ನವೆಂಬರಿನವು ಹೊಸತೆಂಬ ಕಾರಣಕ್ಕೇ ಮೇಲೇರುತ್ತವೆ. ಆಮಿಲ್ ಆ್ಯಂಡ್ ದ ಸ್ನಿಫರ್ಸ್ ತಂಡದ 'ಕಾರ್ಟೂನ್ ಡಾರ್ಕ್‌ನೆಸ್' ಬಂದದ್ದು ಅಕ್ಟೋಬರ್ 25ಕ್ಕೆ. ನಮ್ಮ ಪಟ್ಟಿಯಲ್ಲಿ ಅದಕ್ಕೆ ಎಂಟನೆಯ ಸ್ಥಾನ ಕೊಟ್ಟದ್ದು ಸ್ವಲ್ಪ ಆತುರವೇ ಎಂದು ನಿಮಗನಿಸಿದರೆ ವಾದಕ್ಕೆ ಸಿದ್ಧರಿದ್ದೇವೆ. ಪ್ರತಿ ಆಲ್ಬಂ ಕೇಳಿದ ದಿನವೇ ಬಿಡುಗಡೆಯ ದಿನಾಂಕ, ಲೇಬಲ್, ಮನಸ್ಸಿಗೆ ಹಿಡಿದ ಒಂದು ಜಾಗ, ಇಂಥ ಹಾಡಿನ ಇಂಥ ನಿಮಿಷ ಎಂದು, ಬರೆದಿಡಿ. ಡಿಸೆಂಬರಿನಲ್ಲಿ ಮೊದಲು ಕೇಳಬೇಕಾದದ್ದು ವರ್ಷದ ಮೊದಲ ಮೂರು ತಿಂಗಳಿನವನ್ನು. ಬರೆದಿಟ್ಟ ಆ ಜಾಗ ಬಂದಾಗ ಈಗಲೂ ಕೈ ನಿಂತು ಕಿವಿ ಆ ಕಡೆ ಹೊರಳಿದರೆ ಆಲ್ಬಂ ಪಟ್ಟಿಯಲ್ಲಿ ಉಳಿಯಲಿ.

ಹತ್ತು ಆಲ್ಬಂ, ಒಂದೊಂದಕ್ಕೂ ಎರಡು ಸಾಲಿನ ಕಾರಣ, ಜೊತೆಗೆ ಆ ನಿಮಿಷದ ಗುರುತು: ಹೀಗೆ ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ನಮ್ಮ ಪಟ್ಟಿಯ ಪಕ್ಕದಲ್ಲಿಯೇ ಪ್ರಕಟಿಸುತ್ತೇವೆ. ಬ್ಯಾಂಜೊ ಬಗೆಗಿನ ನಿಮ್ಮ ತಕರಾರನ್ನು ಹಾಗೆಯೇ ಇಟ್ಟುಕೊಂಡು ಬರೆದರೂ ಅಡ್ಡಿಯಿಲ್ಲ.

ಸಂಪಾದಕ