ಟ್ಯಾಂಕ್ ಖಾಲಿ ಇದ್ದರೂ ಬಜರ್ ಯಾಕೆ ಕೂಗುತ್ತಿದೆ?

ನಿಮ್ಮ ಪ್ರಶ್ನೆಯ ಸಾರ ಇಷ್ಟು ಅಲ್ವಾ: ಚಿತ್ರದುರ್ಗದಲ್ಲಿ ನಿಮ್ಮ ಮನೆಗೆ ಬೋರ್‌ವೆಲ್ ನೀರು. ಮಹಡಿ ಮೇಲಿನ ಟ್ಯಾಂಕ್ ತುಂಬಿದಾಗ ಕೂಗಲಿ ಅಂತ ಬಿ.ಸಿ. 547 ಟ್ರಾನ್ಸಿಸ್ಟರ್, 9 ವೋಲ್ಟ್ ಬ್ಯಾಟರಿ, ಚಿಕ್ಕ ಬಜರ್, ಎರಡು ತಾಮ್ರದ ವೈರ್ ಹಾಕಿ ಸರ್ಕ್ಯೂಟ್ ಮಾಡಿದ್ದೀರಿ. ಲೋಟದ ನೀರಿನಲ್ಲಿ ಚೆನ್ನಾಗಿ ಕೆಲಸ ಮಾಡಿತು. ಟ್ಯಾಂಕಿಗೆ ಇಳಿಬಿಟ್ಟ ಮೇಲೆ, ನೀರು ಕೆಳಗಿಳಿದರೂ ಸಣ್ಣಗೆ ಗುಂಯ್ ಅನ್ನುತ್ತಲೇ ಇದೆ. ಟ್ರಾನ್ಸಿಸ್ಟರ್ ಬದಲಿಸಿದರೂ ಹೋಗಲಿಲ್ಲ. ಬ್ಯಾಟರಿ ಬೇಗ ಮುಗಿಯುತ್ತಿದೆ.

ಇಲ್ಲಿ ದಾವಣಗೆರೆಯಲ್ಲಿ ಶಾಲೆಯ ವಿಜ್ಞಾನ ಪ್ರದರ್ಶನ ಹತ್ತಿರ ಬಂದಾಗ ಹುಡುಗರು ನನ್ನ ಹತ್ತಿರ ತರುವ ಸರ್ಕ್ಯೂಟ್‌ಗಳಲ್ಲಿ ಇದೇ ಜಾಸ್ತಿ. ನಿಮ್ಮ ಟ್ರಾನ್ಸಿಸ್ಟರ್ ಕೆಟ್ಟಿಲ್ಲ ಅಂತಲೇ ನನ್ನ ಅಂದಾಜು. ತನಗೆ ಸಿಕ್ಕ ಕರೆಂಟನ್ನು ಅದು ನಿಯತ್ತಾಗಿ ದೊಡ್ಡದು ಮಾಡುತ್ತಿದೆ. ಆ ಕರೆಂಟ್ ಎಲ್ಲಿಂದ ಬರುತ್ತಿದೆ ಅಂತ ಹುಡುಕಬೇಕು.

ಮೊದಲು ಬಿಡಿಭಾಗ ಬದಲಿಸುವುದನ್ನು ನಿಲ್ಲಿಸಿ. ಬೋರ್ಡಿನ ಹತ್ತಿರ ಟ್ಯಾಂಕಿನ ಎರಡೂ ವೈರ್ ಬಿಚ್ಚಿ ನೋಡಿ. ಸದ್ದು ನಿಂತರೆ ತೊಂದರೆ ಹೊರಗಿದೆ, ವೈರಿನಲ್ಲಿ ಅಥವಾ ಟ್ಯಾಂಕಿನಲ್ಲಿ. ನಿಲ್ಲದಿದ್ದರೆ ಬೋರ್ಡಿನಲ್ಲೇ ಇದೆ. ಅರ್ಧ ಹುಡುಕಾಟ ಇಷ್ಟಕ್ಕೇ ಮುಗಿಯಿತು.

ಬೋರ್ಡಿನಲ್ಲೇ ಇದ್ದರೆ ಟ್ರಾನ್ಸಿಸ್ಟರ್ ಕಾಲುಗಳನ್ನು ನೋಡಿ. ಬಿ.ಸಿ. 547ರ ಚಪ್ಪಟೆ ಮುಖ ನಿಮ್ಮ ಕಡೆಗೆ, ಕಾಲು ಕೆಳಗೆ ಇಟ್ಟರೆ ಎಡದಿಂದ ಕಲೆಕ್ಟರ್ (ದೊಡ್ಡ ಕರೆಂಟ್ ಒಳಬರುವ ಕಾಲು), ಬೇಸ್ (ಟ್ಯಾಂಕಿನ ವೈರಿನಿಂದ ಚಿಕ್ಕ ಕರೆಂಟ್ ಒಳಬರುವ ಕಾಲು), ಎಮಿಟರ್ (ಎರಡೂ ಹೊರಹೋಗುವ ಕಾಲು). ಅಂಗಡಿಯಲ್ಲಿ ಅದರ ಬದಲು ಪಿ.ಎನ್. 2222 ಕೊಟ್ಟಿದ್ದರೆ ಈ ಸಾಲು ಉಲ್ಟಾ. ಉಲ್ಟಾ ಹಾಕಿದರೂ ಟ್ರಾನ್ಸಿಸ್ಟರ್ ಅಲ್ಪಸ್ವಲ್ಪ ಕೆಲಸ ಮಾಡುತ್ತದೆ. ಹಾಗಾಗಿ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ.

ವೈರ್ ಬಿಚ್ಚಿದ ಕೂಡಲೇ ಸದ್ದು ನಿಂತರೆ ಅವನ್ನು ಮತ್ತೆ ಜೋಡಿಸಿ, ಮಲ್ಟಿಮೀಟರನ್ನು ಡಿ.ಸಿ. 20 ವೋಲ್ಟ್ ರೇಂಜಿಗೆ ಇಡಿ. ಕಪ್ಪು ಪಿನ್ ಬ್ಯಾಟರಿಯ ಮೈನಸ್ಸಿಗೆ. ಕೆಂಪು ಪಿನ್ ಬೇಸಿಗೆ. ನೀರು ಮುಟ್ಟಿದಾಗ ಸುಮಾರು 0.65ರಿಂದ 0.7 ವೋಲ್ಟ್ ಬರಬೇಕು. ನೀರು ಕೆಳಗಿದ್ದಾಗ ಸೊನ್ನೆಯ ಹತ್ತಿರ ಇರಬೇಕು. ನಿಮ್ಮಲ್ಲಿ ಆಗಲೂ 0.55, 0.6 ತೋರಿಸಿದರೆ ಎಲ್ಲೋ ಕರೆಂಟ್ ಸೋರುತ್ತಿದೆ.

ಸೋರುವುದು ಎಲ್ಲಿ? ಟ್ಯಾಂಕಿನ ಮುಚ್ಚಳದ ಕೆಳಗೆ ಸದಾ ಹಸಿ. ಎರಡು ವೈರನ್ನೂ ಸೇರಿಸಿ ಟೇಪ್ ಸುತ್ತಿ ಇಳಿಬಿಟ್ಟಿದ್ದರೆ ಆ ಟೇಪಿನ ಮೇಲೆ ತೆಳುವಾಗಿ ನೀರು ಕೂತಿರುತ್ತದೆ. ನಮ್ಮ ಕಡೆಯ ಗಡುಸು ಬೋರ್ ನೀರು ಬಿಳಿ ಪದರ ಬೇರೆ ಬಿಡುತ್ತದೆ, ಅದು ಪಸೆ ಹಿಡಿದುಕೊಳ್ಳುತ್ತದೆ. ಅದರ ಮೂಲಕ ಐದು ಮೈಕ್ರೋಆಂಪ್ ಹರಿದರೆ ಸಾಕು. ಬಿ.ಸಿ. 547ಬಿ ಆ ಕರೆಂಟನ್ನು ಸುಮಾರು 200ರಿಂದ 450 ಪಟ್ಟು ಮಾಡುತ್ತದೆ. 300 ಪಟ್ಟು ಅಂತ ಹಿಡಿದರೆ 1.5 ಮಿಲಿಆಂಪ್ ಆಯಿತು. ಚಿಕ್ಕ ಬಜರ್ ಸಣ್ಣಗೆ ಹಾಡಲು ಅಷ್ಟು ಸಾಕು. ಬ್ಯಾಟರಿ ಕರಗುವುದೂ ಇದರಿಂದಲೇ.

ಇಂಥ ಸರ್ಕ್ಯೂಟ್ ಬರೆಯುವವರು ನೀರನ್ನು ಸ್ವಿಚ್ ಅಂದುಕೊಂಡುಬಿಡುತ್ತಾರೆ. ನೀರು ರೆಸಿಸ್ಟರ್, ಅಂದರೆ ಕರೆಂಟನ್ನು ಅಷ್ಟಿಷ್ಟು ತಡೆಯುವ ವಸ್ತು. ಅದೂ ದಿನಕ್ಕೊಂದು ಬೆಲೆ ತೋರಿಸುವ ರೆಸಿಸ್ಟರ್. ಉಪ್ಪಿನಂಶ ಜಾಸ್ತಿ ಇರುವ ಬೋರ್ ನೀರಿನಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ. ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತಂದ ನೀರಿನಲ್ಲಿ ಅಷ್ಟು ಹರಿಯುವುದಿಲ್ಲ. ಹಾಗಾಗಿ ಲೋಟದಲ್ಲಿ ಪರೀಕ್ಷೆ ಮಾಡುವಾಗ ಆ ಟ್ಯಾಂಕಿನ ನೀರನ್ನೇ ತೆಗೆದುಕೊಳ್ಳಿ. ಎಷ್ಟು ರೆಸಿಸ್ಟೆನ್ಸ್ ಬಂದರೆ 'ತುಂಬಿದೆ', ಎಷ್ಟು ಬಂದರೆ 'ಬರೀ ಪಸೆ' ಅಂತ ಗೆರೆ ಎಳೆಯುವುದು ನಿಮ್ಮ ಕೆಲಸ.

ಆ ಗೆರೆ ಎಳೆಯಲು ಒಂದೇ ರೆಸಿಸ್ಟರ್ ಸಾಕು. ಬೇಸ್ ಮತ್ತು ಎಮಿಟರ್ ನಡುವೆ ಹಾಕಿ. ಸೋರಿದ ಕರೆಂಟ್ ಅದರ ಮೂಲಕ ಹೋಗುತ್ತದೆ. ಬೇಸಿನಲ್ಲಿ ಸುಮಾರು 0.65 ವೋಲ್ಟ್ ಏರುವ ತನಕ ಟ್ರಾನ್ಸಿಸ್ಟರ್ ಪೂರ್ತಿ ಎಚ್ಚರವಾಗುವುದಿಲ್ಲ. ಲೆಕ್ಕ ಮಾಡೋಣ. ಬೇಸಿಗೆ ಹೋಗುವ ದಾರಿಯಲ್ಲಿ 10 ಕಿಲೋಓಮ್ ಇದೆ ಅಂದಿದ್ದೀರಿ. ಅದು ಇರಲಿ, ಎರಡು ವೈರ್ ತಾಗಿಬಿಟ್ಟರೆ ಟ್ರಾನ್ಸಿಸ್ಟರನ್ನು ಉಳಿಸುವುದು ಅದೇ. ಬೇಸ್-ಎಮಿಟರ್ ನಡುವೆ 47 ಕಿಲೋಓಮ್ ಹಾಕಿದರೆ ಸುಮಾರು 14 ಮೈಕ್ರೋಆಂಪ್ ಬೇಕು. ಅಂದರೆ ವೈರುಗಳ ನಡುವೆ ಸುಮಾರು 600 ಕಿಲೋಓಮ್‌ಗಿಂತ ಕಡಿಮೆ ಇದ್ದರೆ ಕೂಗುತ್ತದೆ. ಅದೇ 10 ಕಿಲೋಓಮ್ ಹಾಕಿದರೆ 65 ಮೈಕ್ರೋಆಂಪ್ ಬೇಕು, ಗೆರೆ ಸುಮಾರು 120 ಕಿಲೋಓಮ್‌ಗೆ ಇಳಿಯುತ್ತದೆ. ನಿಮ್ಮ ಬೋರ್ ನೀರಿಗೆ ನಾನು 10 ಕಿಲೋಓಮ್‌ನಿಂದಲೇ ಶುರು ಮಾಡುತ್ತೇನೆ. ತುಂಬಿದಾಗಲೂ ಕೂಗದಿದ್ದರೆ 22, ಆಮೇಲೆ 47. ನೀರಿನ ರೆಸಿಸ್ಟೆನ್ಸನ್ನು ಮೀಟರಿನ ಓಮ್ ರೇಂಜಿನಲ್ಲಿ ನೇರ ಅಳೆಯಲು ಹೋಗಬೇಡಿ. ಅಂಕಿ ಒಂದೇ ಕಡೆ ನಿಲ್ಲುವುದಿಲ್ಲ.

ಇನ್ನೊಂದು ಅನುಮಾನವೂ ಇದೆ. ಮಹಡಿಯಿಂದ ಇಳಿಯುವ ಉದ್ದ ವೈರ್ ಮನೆಯ ಕರೆಂಟ್ ವೈರಿನ ಪಕ್ಕದಲ್ಲೇ ಬಂದಿದ್ದರೆ 50 ಹರ್ಟ್ಸ್ ಗುಂಯ್‌ಗುಡುವಿಕೆಯನ್ನು ಎಳೆದುಕೊಳ್ಳುತ್ತದೆ. ಇದನ್ನು ಪತ್ತೆ ಮಾಡುವುದು ಸುಲಭ. ನಿಮ್ಮ ಸರ್ಕ್ಯೂಟ್ ಬ್ಯಾಟರಿಯದು, ಹಾಗಾಗಿ ಮನೆಯ ಮೇನ್ ಸ್ವಿಚ್ ಒಂದು ನಿಮಿಷ ಆಫ್ ಮಾಡಿ ಕೇಳಿ. ಸದ್ದು ಹೋದರೆ ಕಾರಣ ಇದೇ. ಬೇಸ್-ಎಮಿಟರ್ ನಡುವೆ, ಆ ರೆಸಿಸ್ಟರಿಗೆ ಅಡ್ಡಲಾಗಿ, 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ.

ತಾಮ್ರದ ವೈರನ್ನು ದಯವಿಟ್ಟು ತೆಗೆಯಿರಿ. ಡಿ.ಸಿ. ಹರಿದಷ್ಟೂ ಪ್ಲಸ್ ಕಡೆಯ ತಾಮ್ರ ಹಸಿರುಗಟ್ಟಿ ನೀರಿಗೆ ಕರಗುತ್ತದೆ. ಅದು ಮನೆಯವರು ಬಳಸುವ ನೀರು. ತುಕ್ಕು ಹಿಡಿಯದ ಸ್ಟೀಲ್ ಕಡ್ಡಿ ಹಾಕಿ, ತುದಿ ಬಿಟ್ಟು ಉಳಿದದ್ದಕ್ಕೆ ಸ್ಲೀವ್ ಏರಿಸಿ, ಎರಡರ ನಡುವೆ ಮೂರ್ನಾಲ್ಕು ಬೆರಳು ಜಾಗ ಬಿಡಿ. ಬಿಳಿ ಪದರ ಕೂತರೆ ಹುಣಸೆಹಣ್ಣಿನಿಂದ ಉಜ್ಜಿದರೆ ಹೋಗುತ್ತದೆ.

ನನ್ನ ಮನೆಗೇ ಹಾಕುವುದಾದರೆ ಮ್ಯಾಗ್ನೆಟ್ ಇರುವ ಫ್ಲೋಟ್ ಸ್ವಿಚ್ ಹಾಕುತ್ತೇನೆ. ಅದರಲ್ಲಿ ನೀರಿನೊಳಗೆ ಕರೆಂಟೇ ಇಲ್ಲ, ಗಡುಸು ನೀರಿನ ಕಾಟವೂ ಕಡಿಮೆ. ಆದರೆ ಕಲಿಯುವುದಕ್ಕೆ ನಿಮ್ಮ ಸರ್ಕ್ಯೂಟೇ ಚೆಂದ, ಮೊದಲು ಅದನ್ನು ಸರಿ ಮಾಡಿ.

ಮುಂದೆ ರಿಲೇ (ಚಿಕ್ಕ ಕರೆಂಟಿನಿಂದ ಆನ್-ಆಫ್ ಆಗುವ ಸ್ವಿಚ್) ಸೇರಿಸಿ ಮೋಟಾರೇ ಆಫ್ ಆಗುವ ಹಾಗೆ ಮಾಡಬೇಕು ಅಂದಿದ್ದೀರಿ. ರಿಲೇ ಕಾಯಿಲ್‌ಗೆ ಅಡ್ಡಲಾಗಿ 1ಎನ್ 4007 ಡಯೋಡ್ ಮರೆಯಬೇಡಿ, ಗೆರೆ ಇರುವ ತುದಿ ಪ್ಲಸ್ ಕಡೆಗೆ. ಅದಿಲ್ಲದಿದ್ದರೆ ರಿಲೇ ಆಫ್ ಆಗುವ ಕ್ಷಣದಲ್ಲಿ ಏಳುವ ವೋಲ್ಟೇಜ್ ಟ್ರಾನ್ಸಿಸ್ಟರನ್ನು ಕೊಲ್ಲಬಹುದು. ಚಿಕ್ಕ ನೀಲಿ ರಿಲೇ ಮೇಲೆ 10 ಆಂಪ್ ಅಂತ ಬರೆದಿದ್ದರೂ ಪಂಪಿಗೆ ನೇರ ಕೊಡಬೇಡಿ. ಮೋಟಾರ್ ಶುರುವಾಗುವಾಗ ಎಳೆಯುವ ಕರೆಂಟ್ ಓಡುವಾಗಿನದಕ್ಕಿಂತ ಹಲವು ಪಟ್ಟು. ರಿಲೇ ಬರೀ ಕಾಂಟ್ಯಾಕ್ಟರನ್ನು, ಅಂದರೆ ಮೋಟಾರಿನ ಕರೆಂಟ್ ತಾಳುವ ದೊಡ್ಡ ರಿಲೇಯನ್ನು, ಎಳೆಯಲಿ. 230 ವೋಲ್ಟ್ ಕಡೆಯ ವೈರಿಂಗ್ ಎಲೆಕ್ಟ್ರೀಷಿಯನ್ ಕೈಯಲ್ಲೇ ಮಾಡಿಸಿ.

ಬೇಸಿನ ವೋಲ್ಟೇಜ್ ನೀರು ಕೆಳಗಿದ್ದಾಗ ಎಷ್ಟು, ತುಂಬಿದಾಗ ಎಷ್ಟು, ಬಜರ್ ಕೂಗುವಾಗ ಬ್ಯಾಟರಿ ಎಷ್ಟು ತೋರಿಸುತ್ತದೆ, ಈ ಮೂರನ್ನು ಬರೆದು ಹಾಕಿ. ಯಾವ ರೆಸಿಸ್ಟರ್ ಸರಿ ಅಂತ ಆಗ ನೇರವಾಗಿ ಹೇಳುತ್ತೇನೆ.