ಚಿಕ್ಕಂದಿನ ಫಿಟ್ಸ್ ಮಾತ್ರೆಯಿಂದ ದೊಡ್ಡವರಾದ ಮೇಲೆ ಬೈಪೋಲಾರ್ ಬರುತ್ತಾ?

ನೀವು ಕೇಳಿದ್ದು ಇಷ್ಟು: ತಂಗಿಗೆ ಚಿಕ್ಕಂದಿನಲ್ಲಿ ಫಿಟ್ಸ್ ಬರುತ್ತಿತ್ತು. ನಾಲ್ಕೈದು ವರ್ಷ ಗಾರ್ಡೆನಾಲ್ ಅನ್ನುವ ಫಿಟ್ಸ್ ಮಾತ್ರೆ ಕೊಟ್ಟಿರಿ, ನಿಂತಿತು. ಈಗ 22ನೇ ವಯಸ್ಸಿಗೆ ಬೈಪೋಲಾರ್, ಅಂದರೆ ಮನಸ್ಸು ಕೆಲವು ಕಾಲ ಅತಿಯಾಗಿ ಏರಿ, ಕೆಲವು ಕಾಲ ತೀರಾ ಕುಗ್ಗುವ ಕಾಯಿಲೆ ಅಂದಿದ್ದಾರೆ. ಆ ಮಾತ್ರೆಯಿಂದಲೇ ಹೀಗಾಯಿತು ಅಂತ ನಿಮ್ಮ ಅಮ್ಮ ತಮ್ಮನ್ನೇ ಬೈದುಕೊಳ್ಳುತ್ತಿದ್ದಾರೆ. ಈಗ ಬರೆದುಕೊಟ್ಟ ವ್ಯಾಲ್ಪ್ರೊಯೇಟ್ ಕೂಡ ಫಿಟ್ಸ್ ಮಾತ್ರೆಯೇ ಅಂತ ಮೆಡಿಕಲ್ ಶಾಪಿನವರು ಹೇಳಿದ ಮೇಲಂತೂ ಅದನ್ನು ಕೊಡಲು ಒಪ್ಪುತ್ತಿಲ್ಲ.

ಮೊದಲು ಅರ್ಜೆಂಟ್ ಮಾತು ಹೇಳಿಬಿಡುತ್ತೇನೆ. ಮಾತ್ರೆಯನ್ನು ನೀವಾಗಿ ನೀವೇ ನಿಲ್ಲಿಸಬೇಡಿ. ಇಂಥ ಮಾತ್ರೆಯನ್ನು ದಿಢೀರ್ ಅಂತ ಬಿಟ್ಟರೆ, ನಿಂತಿದ್ದ ಫಿಟ್ಸ್ ಮತ್ತೆ ಬರಬಹುದು. ಮನಸ್ಸಿನ ಕಾಯಿಲೆಯೂ ಕೆರಳಬಹುದು. ಬೇಡ ಅನಿಸಿದರೆ ಡಾಕ್ಟರ ಹತ್ತಿರ ಹೋಗಿ ಬೇರೆಯದು ಇದೆಯಾ ಅಂತ ಕೇಳಿ. ಹಾಗೆ ಕೇಳಲು ಒಂದು ಒಳ್ಳೆಯ ಕಾರಣವೂ ಇದೆ. ನಿಮ್ಮ ಅಮ್ಮ ಹೆದರಿರುವ ಕಾರಣ ಅಲ್ಲ, ಬೇರೆಯದು. ಕೆಳಗೆ ಬರೆದಿದ್ದೇನೆ.

ನಾನು ಡಾಕ್ಟರಲ್ಲ. ಸಕಲೇಶಪುರದ ಕಡೆ ಸಣ್ಣ ಕಾಫಿ ತೋಟ ನೋಡಿಕೊಂಡು ಇರುವವನು. ಆದರೆ ನಿಮ್ಮ ತಂಗಿಯ ಕಥೆ ಹೆಚ್ಚುಕಮ್ಮಿ ನನ್ನದೇ. ಪ್ರೈಮರಿ ಸ್ಕೂಲಿನಲ್ಲಿ ಫಿಟ್ಸ್, ಗಾರ್ಡೆನಾಲ್, ಹೈಸ್ಕೂಲಿಗೆ ಬರುವಷ್ಟರಲ್ಲಿ ವಾಸಿ. ಡಿಗ್ರಿ ಮುಗಿಸಿ ಊರಿಗೆ ಬಂದ ಮೇಲೆ ಬೈಪೋಲಾರ್. ಹಾಗಾಗಿ ಇದೇ ಪ್ರಶ್ನೆಯನ್ನು ಕಂಡ ಕಂಡ ಡಾಕ್ಟರಿಗೆಲ್ಲ ಕೇಳಿದ್ದೇನೆ, ಸಿಕ್ಕಿದ್ದನ್ನು ಓದಿದ್ದೇನೆ.

ನನಗೆ ಅರ್ಥವಾದದ್ದು ಇದು. ಮಾತ್ರೆ ಬೈಪೋಲಾರ್ ಹುಟ್ಟಿಸುತ್ತದೆ ಅನ್ನಲು ಆಧಾರ ಇಲ್ಲ. ಆದರೆ ಫಿಟ್ಸ್ ಕಾಯಿಲೆಗೂ ಬೈಪೋಲಾರ್‌ಗೂ ನಂಟು ಇದೆ, ಗಟ್ಟಿಯಾಗಿಯೇ ಇದೆ. 2005ರಲ್ಲಿ ಅಮೆರಿಕದ ಅಲನ್ ಎಟಿಂಗರ್ ಮತ್ತು ಜೊತೆಯವರು ಒಂದು ದೊಡ್ಡ ಸರ್ವೇ ಪ್ರಕಟಿಸಿದರು. ಫಿಟ್ಸ್ ಇರುವ ನೂರು ಜನರಲ್ಲಿ ಸುಮಾರು 12 ಜನರಿಗೆ ಬೈಪೋಲಾರ್ ಥರದ ಲಕ್ಷಣ ಕಂಡಿತ್ತು. ಆಸ್ತಮಾ, ಮೈಗ್ರೇನ್, ಸಕ್ಕರೆ ಕಾಯಿಲೆ ಇರುವವರಿಗಿಂತ ಇದು ಜಾಸ್ತಿ. ಹಾಗಂತ ಗಾಬರಿ ಬೇಡ. ಅದು ಪ್ರಶ್ನೆಪಟ್ಟಿ ತುಂಬಿಸಿಕೊಂಡು ಮಾಡಿದ್ದು, ಡಾಕ್ಟರು ಎದುರು ಕೂತು ನೋಡಿ ಹೇಳಿದ್ದಲ್ಲ. ಆ 12 ಜನರಿಗೂ ಕಾಯಿಲೆ ಇತ್ತು ಅಂತೇನಿಲ್ಲ. ನಮ್ಮ ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಒಟ್ಟು ಜನರಲ್ಲಿ ಬೈಪೋಲಾರ್ ಯಾವಾಗಲಾದರೂ ಬಂದವರು ಇನ್ನೂರಕ್ಕೆ ಒಬ್ಬರು ಅಂತ ಸಿಕ್ಕಿತ್ತು.

ಹಾಗಾದರೆ ಫಿಟ್ಸ್ ಇರುವವರಲ್ಲಿ ಜಾಸ್ತಿ ಕಾಣುವುದು ಅವರು ನುಂಗುವ ಮಾತ್ರೆಯಿಂದಲೇ ಯಾಕಿರಬಾರದು? ಗಂಟು ಇರುವುದು ಇಲ್ಲೇ. ಫಿಟ್ಸ್ ಮಾತ್ರೆ ನುಂಗಿದ ಮಕ್ಕಳಿಗೆಲ್ಲ ಮೊದಲೇ ಫಿಟ್ಸ್ ಇತ್ತು, ಅಲ್ವಾ. ಮಾತ್ರೆಯದು ಎಷ್ಟು, ಮೆದುಳಿನದು ಎಷ್ಟು ಅಂತ ಬಿಡಿಸಿ ನೋಡುವುದು ಕಷ್ಟ. ನಮ್ಮ ಕಡೆ ಮಳೆಗಾಲದಲ್ಲಿ ಕೊಡೆ ಹಿಡಿದವರಿಗೇ ನೆಗಡಿ ಜಾಸ್ತಿ ಅಂತ ಕೊಡೆಯನ್ನು ಬೈದ ಹಾಗಾಗುತ್ತದೆ. ಇನ್ನೊಂದು ವಿಷಯ. ಮನಸ್ಸು ಕುಗ್ಗಿದವರಿಗೆ ಮೂರ್ಛೆ ರೋಗ ಬರುತ್ತದೆ, ಮೂರ್ಛೆ ರೋಗದವರಿಗೆ ಮನಸ್ಸು ಕುಗ್ಗುತ್ತದೆ ಅಂತ ಗ್ರೀಸಿನ ಹಿಪೊಕ್ರೆಟಿಸ್ ಹೆಸರಿನ ಬರಹಗಳಲ್ಲೇ ಇದೆ. ಅವು 2000 ವರ್ಷಕ್ಕಿಂತ ಹಳೆಯವು. ಗಾರ್ಡೆನಾಲ್‌ನಲ್ಲಿರುವ ಫಿನೋಬಾರ್ಬಿಟೋನ್ ಫಿಟ್ಸ್‌ಗೆ ಬಳಕೆಗೆ ಬಂದದ್ದು 1912ರಲ್ಲಿ. ಎಷ್ಟೋ ಜನರಿಗೆ ಡಿಪ್ರೆಶನ್ ಮೊದಲು ಬಂದು ಫಿಟ್ಸ್ ಆಮೇಲೆ ಶುರುವಾಗುತ್ತದೆ. ಅವರು ಆಗಿನ್ನೂ ಒಂದೂ ಫಿಟ್ಸ್ ಮಾತ್ರೆ ನುಂಗಿರುವುದಿಲ್ಲ.

ಹಾಗಂತ ಗಾರ್ಡೆನಾಲ್ ಸಾಧು ಮಾತ್ರೆ ಅಂತ ನಾನು ಹೇಳುವುದಿಲ್ಲ. ನಮ್ಮಮ್ಮ ಆ ಸಣ್ಣ ಬಿಳಿ ಮಾತ್ರೆಯನ್ನು ಎರಡು ಚಮಚದ ನಡುವೆ ಇಟ್ಟು ಪುಡಿ ಮಾಡಿ, ಏಲಕ್ಕಿ ಬಾಳೆಹಣ್ಣಿನ ತುಂಡಿಗೆ ಒತ್ತಿ ಕೊಡುತ್ತಿದ್ದರು. ಬೆಳಿಗ್ಗೆ ಕ್ಲಾಸಿನಲ್ಲಿ ತೂಕಡಿಕೆ. ಸಂಜೆ ಮನೆಗೆ ಬಂದರೆ ಕೂತಲ್ಲಿ ಕೂರುತ್ತಿರಲಿಲ್ಲ, ಸುಮ್ಸುಮ್ನೆ ಸಿಟ್ಟು, ತಮ್ಮನಿಗೆ ಹೊಡೆತ. ನಿದ್ದೆ ಬರಿಸುವ ಮಾತ್ರೆ ಮಕ್ಕಳಲ್ಲಿ ಉಲ್ಟಾ ಆಗಿ ಚಡಪಡಿಕೆ ತರುವುದು ಡಾಕ್ಟರಿಗೆಲ್ಲ ಗೊತ್ತಿರುವ ವಿಷಯ. ಮನೆಯವರಿಗೆ ಯಾರೂ ಹೇಳಿರಲಿಲ್ಲ ಅಷ್ಟೆ. ನಮ್ಮಲ್ಲಿ ಅದಕ್ಕೆ 'ಹುಡುಗ ತಂಟೆಕೋರ' ಅನ್ನುವ ಹೆಸರು ಬಂತು.

1987ರಲ್ಲಿ ಡೇವಿಡ್ ಬ್ರೆಂಟ್ ಅನ್ನುವ ಅಮೆರಿಕದ ಮನೋವೈದ್ಯರ ತಂಡ ಫಿಟ್ಸ್ ಇರುವ ಮಕ್ಕಳನ್ನು ನೋಡಿತು. ಫಿನೋಬಾರ್ಬಿಟೋನ್ ತಗೊಳ್ಳುತ್ತಿದ್ದವರಲ್ಲಿ ನೂರಕ್ಕೆ 40 ಮಕ್ಕಳಿಗೆ ಡಿಪ್ರೆಶನ್. ಕಾರ್ಬಮಜೆಪೀನ್ ಅನ್ನುವ ಇನ್ನೊಂದು ಫಿಟ್ಸ್ ಮಾತ್ರೆ ತಗೊಳ್ಳುತ್ತಿದ್ದವರಲ್ಲಿ ನೂರಕ್ಕೆ 4. ಸಣ್ಣ ಅಧ್ಯಯನ, ಎರಡೂ ಗುಂಪು ಸೇರಿ 39 ಮಕ್ಕಳು ಮಾತ್ರ. ಆದರೆ ಅದರಲ್ಲಿ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಈ ವ್ಯತ್ಯಾಸ ಕಂಡದ್ದು ಹತ್ತಿರದ ರಕ್ತಸಂಬಂಧಿಗಳಲ್ಲಿ ಇಂಥ ಮನಸ್ಸಿನ ಕಾಯಿಲೆ ಇದ್ದ ಮಕ್ಕಳಲ್ಲಿ. ಅಂದರೆ ಮೊದಲೇ ಆ ಕಡೆಗೆ ವಾಲಿರುವ ಮನೆಯ ಮಗುವಿಗೆ ಆ ಮಾತ್ರೆ ಭಾರ. ಇದು ಡಿಪ್ರೆಶನ್ ಮಾತು, ಬೈಪೋಲಾರ್ ಅಲ್ಲ, ನೆನಪಿರಲಿ.

ನಮ್ಮನೆಯಲ್ಲಿ ಆ ವಾಲುವಿಕೆ ಇತ್ತು. ನನ್ನ ಸೋದರಮಾವ ಕೆಲವು ಬೇಸಿಗೆಯಲ್ಲಿ ಊರಿಗೆಲ್ಲ ಸಾಲ ಕೊಟ್ಟು, ಹೊಸ ಜೀಪಿಗೆ ಅಡ್ವಾನ್ಸ್ ಮಾಡಿ, ರಾತ್ರಿಯೆಲ್ಲ ಮಾತಾಡುತ್ತಿದ್ದರು. ಮಳೆಗಾಲ ಶುರುವಾದರೆ ಕಂಬಳಿ ಹೊದ್ದು ಮಲಗಿಬಿಟ್ಟರೆ ದೀಪಾವಳಿಗೇ ಏಳುವುದು. 'ಅವನ ಸ್ವಭಾವವೇ ಹಾಗೆ' ಅಂತ ಎಲ್ಲರೂ ಸುಮ್ಮನಾಗಿದ್ದರು. ಅವರಿಗೆ ಒಂದು ದಿನವೂ ಫಿಟ್ಸ್ ಬಂದಿರಲಿಲ್ಲ. ಗಾರ್ಡೆನಾಲ್ ಮುಟ್ಟಿರಲಿಲ್ಲ. ನಿಮ್ಮ ಮನೆಯ ಎರಡೂ ಕಡೆಯವರನ್ನು ಒಮ್ಮೆ ಹೀಗೆ ನೆನಪು ಮಾಡಿಕೊಂಡು ನೋಡಿ. ಬೈಪೋಲಾರ್‌ನಲ್ಲಿ ವಂಶದ ಪಾಲು ದೊಡ್ಡದು. ಶುರುವಾಗುವುದೂ ಸಾಮಾನ್ಯವಾಗಿ ಹದಿಹರೆಯದ ಕೊನೆ, ಇಪ್ಪತ್ತರ ಆಸುಪಾಸಿನಲ್ಲೇ. ನಿಮ್ಮ ತಂಗಿಗೆ ಬಂದ ವಯಸ್ಸು, ಫಿಟ್ಸ್ ಇಲ್ಲದವರಿಗೂ ಬರುವ ವಯಸ್ಸೇ.

ಇನ್ನು ಅಮ್ಮನ ದೊಡ್ಡ ಅನುಮಾನ, 'ಅದೇ ಜಾತಿಯ ಮಾತ್ರೆಯನ್ನೇ ಮತ್ತೆ ಕೊಡುತ್ತಾರಲ್ಲ' ಅನ್ನುವುದು. ಫಿಟ್ಸ್ ಮಾತ್ರೆಗಳೆಲ್ಲ ಒಂದೇ ಅಲ್ಲ. ಗಾರ್ಡೆನಾಲ್ ಬೈಪೋಲಾರ್‌ಗೆ ಕೊಡುವ ಮಾತ್ರೆಯೇ ಅಲ್ಲ. ಆದರೆ ಕಾರ್ಬಮಜೆಪೀನ್ ಉನ್ಮಾದವನ್ನು (ಮನಸ್ಸು ಅತಿಯಾಗಿ ಏರಿರುವ ಸ್ಥಿತಿಯನ್ನು) ಇಳಿಸುತ್ತದೆ ಅಂತ 1970ರ ದಶಕದಲ್ಲೇ ಜಪಾನಿನ ಡಾಕ್ಟರುಗಳು ತೋರಿಸಿದರು. ವ್ಯಾಲ್ಪ್ರೊಯೇಟ್‌ಗೆ ಅಮೆರಿಕದಲ್ಲಿ ಇದಕ್ಕಾಗಿಯೇ ಒಪ್ಪಿಗೆ ಸಿಕ್ಕಿದ್ದು 1995ರಲ್ಲಿ, ಲ್ಯಾಮೊಟ್ರಿಜಿನ್‌ಗೆ 2003ರಲ್ಲಿ. ಇವು ಬೈಪೋಲಾರ್ ತರುವಂಥವಾಗಿದ್ದರೆ ಬೈಪೋಲಾರ್‌ಗೇ ಕೊಡುತ್ತಿರಲಿಲ್ಲ ಅಂತ ಅಮ್ಮನಿಗೆ ಹೇಳಿ. ನಮ್ಮಮ್ಮ ಒಪ್ಪಿದ್ದು ಇದೊಂದೇ ಮಾತಿಗೆ.

ನನ್ನ ವಿಷಯದಲ್ಲಿ ಕಿಡಿ ಹೊತ್ತಿಸಿದ್ದು ಬೇರೆಯೇ ಮಾತ್ರೆ. ಮನಸ್ಸು ಕುಗ್ಗಿದೆ ಅಂತ ಹತ್ತಿರದ ಒಬ್ಬ ಡಾಕ್ಟರು ಬರೀ ಡಿಪ್ರೆಶನ್ ಮಾತ್ರೆ ಬರೆದುಕೊಟ್ಟರು. ಮಾವನ ಬಗ್ಗೆ ಕೇಳಲೇ ಇಲ್ಲ. ಆಗ ಹೂಮಳೆಯ ಸಮಯ. ಕೆಲವೇ ವಾರದಲ್ಲಿ ನನಗೆ ನಿದ್ದೆಯೇ ಬೇಡವಾಯಿತು. ಬೆಳಗಿನ ಜಾವ ಮೂರು ಗಂಟೆಗೆ ಟಾರ್ಚ್ ಹಿಡಿದು ರೋಬಸ್ಟಾ ಗಿಡಗಳಿಗೆ ಸುಣ್ಣದ ಗುರುತು ಹಾಕುತ್ತಿದ್ದೆ, ಎಲ್ಲ ಕಿತ್ತು ಬೆಣ್ಣೆಹಣ್ಣು ಹಾಕಲು. ನರ್ಸರಿಗೆ ಲಾರಿಗಟ್ಟಲೆ ಸಸಿ ಆರ್ಡರ್ ಕೊಟ್ಟಾಗಿತ್ತು. ಅಪ್ಪ ಮೊದಲು ಖುಷಿಪಟ್ಟರು, ಮಗ ಚುರುಕಾದ ಅಂತ! ಬೈಪೋಲಾರ್ ಇರುವವರಿಗೆ ಡಿಪ್ರೆಶನ್ ಮಾತ್ರೆ ಒಂದನ್ನೇ ಕೊಟ್ಟರೆ ಹೀಗೆ ಉನ್ಮಾದದ ಕಡೆಗೆ ತಿರುಗಬಹುದು. ಹಾಗಾಗಿ ತಂಗಿಯನ್ನು ಮುಂದೆ ಯಾವ ಡಾಕ್ಟರು ನೋಡಿದರೂ ಎರಡೂ ವಿಷಯ ಹೇಳಿ, ಬೈಪೋಲಾರ್ ಇದೆ ಅಂತಲೂ, ಚಿಕ್ಕಂದಿನಲ್ಲಿ ಫಿಟ್ಸ್ ಇತ್ತು ಅಂತಲೂ. ಮನೋರೋಗದ ಕೆಲವು ಮಾತ್ರೆಗಳು ಫಿಟ್ಸ್ ಬರುವ ಸಾಧ್ಯತೆ ಹೆಚ್ಚಿಸುತ್ತವೆ. ಗೊತ್ತಿದ್ದರೆ ಡಾಕ್ಟರು ನೋಡಿಕೊಂಡು ಬರೆಯುತ್ತಾರೆ.

ಈಗ ಆ ಒಳ್ಳೆಯ ಕಾರಣ. ನಿಮ್ಮ ತಂಗಿ 22ರ ಹುಡುಗಿ. ಬಸುರಿಯಲ್ಲಿ ವ್ಯಾಲ್ಪ್ರೊಯೇಟ್ ತಗೊಂಡರೆ ಹತ್ತು ಮಕ್ಕಳಲ್ಲಿ ಒಂದಕ್ಕೆ ಹುಟ್ಟಿನಿಂದಲೇ ಅಂಗದೋಷ, ನೂರಕ್ಕೆ 30ರಿಂದ 40 ಮಕ್ಕಳಿಗೆ ಮಾತು, ಕಲಿಕೆ, ಬೆಳವಣಿಗೆಯಲ್ಲಿ ತೊಂದರೆ ಅಂತ ಲೆಕ್ಕ ಇದೆ. ಬಸುರಿ ಅಂತ ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ. ಹಾಗಾಗಿ ಹರೆಯದ ಹೆಣ್ಣುಮಕ್ಕಳಿಗೆ ಇದನ್ನು ಬೇರೆ ದಾರಿ ಇಲ್ಲದಾಗ ಮಾತ್ರ ಕೊಡಬೇಕು ಅನ್ನುವುದು ಈಗಿನ ಸಲಹೆ. ಇದನ್ನು ಯಾರಾದರೂ ನಿಮಗೆ ಬಿಡಿಸಿ ಹೇಳಿದ್ದಾರಾ? ಇಲ್ಲದಿದ್ದರೆ ಮುಂದಿನ ಸಲ ಮೊದಲ ಪ್ರಶ್ನೆ ಇದೇ ಆಗಲಿ. ಮದುವೆ ಮಾತುಕತೆ ಶುರುವಾಗುವ ತನಕ ಕಾಯಬೇಡಿ. ಲ್ಯಾಮೊಟ್ರಿಜಿನ್ ಈ ವಿಷಯದಲ್ಲಿ ಎಷ್ಟೋ ವಾಸಿ. ಆದರೆ ಅದನ್ನು ತುಂಬಾ ನಿಧಾನವಾಗಿ ಏರಿಸಬೇಕು, ಮೈಮೇಲೆ ಗುಳ್ಳೆ ಎದ್ದರೆ ತಕ್ಷಣ ತೋರಿಸಬೇಕು. ಉನ್ಮಾದ ಏರಿ ಕೂತಾಗ ಅದು ಇಳಿಸುವುದೂ ಇಲ್ಲ. ಯಾವುದು ಸರಿ ಅನ್ನುವುದು ಮನೋವೈದ್ಯರು ತಂಗಿಯನ್ನು ನೋಡಿ ಹೇಳಬೇಕಾದ್ದು.

ಇದನ್ನು ಓದುತ್ತಿರುವವರಲ್ಲಿ ಚಿಕ್ಕ ಮಕ್ಕಳಿಗೆ ಈಗ ಫಿಟ್ಸ್ ಮಾತ್ರೆ ಕೊಡುತ್ತಿರುವವರೂ ಇರಬಹುದು. ನಿಮಗೆ ಒಂದೇ ಮಾತು. ಮಾತ್ರೆ ಬದಲಾದ ಮೇಲೆ ಮಗುವಿನ ಸಿಟ್ಟು, ಅಳು, ನಿದ್ದೆ ಬದಲಾಯಿತಾ ಅಂತ ಬರೆದಿಟ್ಟುಕೊಂಡು ಡಾಕ್ಟರಿಗೆ ತೋರಿಸಿ. ಈಗ ಜಾಸ್ತಿ ಬರೆಯುವ ಲೆವೆಟಿರಾಸಿಟಮ್‌ನಲ್ಲೂ ಕೆಲವು ಮಕ್ಕಳಿಗೆ ವಿಪರೀತ ಸಿಟ್ಟು ಬರುತ್ತದೆ. ಡೋಸ್ ಅಥವಾ ಮಾತ್ರೆ ಬದಲಿಸಿದರೆ ಸಾಮಾನ್ಯವಾಗಿ ಹೋಗುತ್ತದೆ. 2008ರಲ್ಲಿ ಅಮೆರಿಕದ ಔಷಧ ಇಲಾಖೆ 11 ಫಿಟ್ಸ್ ಮಾತ್ರೆಗಳ ಲೆಕ್ಕ ತೆಗೆದಾಗ, ಸಾಯುವ ಯೋಚನೆ ಅಥವಾ ಪ್ರಯತ್ನ ಕಂಡದ್ದು ಔಷಧಿಯಿಲ್ಲದ ಖಾಲಿ ಮಾತ್ರೆ ನುಂಗಿದವರಲ್ಲಿ ಸಾವಿರಕ್ಕೆ ಸುಮಾರು ಇಬ್ಬರಲ್ಲಿ, ನಿಜವಾದ ಮಾತ್ರೆ ನುಂಗಿದವರಲ್ಲಿ ಸುಮಾರು ನಾಲ್ವರಲ್ಲಿ. ಕಡಿಮೆಯೇ, ಆದರೆ ದೊಡ್ಡ ಮಕ್ಕಳು ಅಂಥ ಮಾತಾಡಿದರೆ ತಮಾಷೆ ಅಂತ ಬಿಡಬೇಡಿ. ಹಾಗೇ ಮಾತ್ರೆ ನಿಲ್ಲಿಸಲೂ ಹೋಗಬೇಡಿ. ನಿಲ್ಲದ ಫಿಟ್ಸ್ ಜೀವಕ್ಕೇ ಅಪಾಯ.

ತೋರಿಸುವುದಕ್ಕೆ ಪ್ರತಿ ಸಲ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್‌ನಲ್ಲಿ ಮನೋವೈದ್ಯ ವಿಭಾಗ ಇದೆ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಕ್ಲಿನಿಕ್ ಇಟ್ಟಿದ್ದಾರೆ, ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಅಂತ ವಿಚಾರಿಸಿ. ಮನಸ್ಸಿನ ಕಾಯಿಲೆಗೆ ಫೋನಿನಲ್ಲೇ ಸಲಹೆ ಕೊಡುವ ಸರ್ಕಾರದ ಟೆಲಿ ಮನಸ್ ನಂಬರ್ 14416, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಹೋಗುವ ಮುಂಚೆ ಅಮ್ಮನನ್ನು ಕೂರಿಸಿಕೊಂಡು ಒಂದು ಹಾಳೆಯಲ್ಲಿ ಬರೆಯಿರಿ. ಮೊದಲ ಫಿಟ್ಸ್ ಯಾವ ವಯಸ್ಸಿಗೆ, ಜ್ವರ ಇತ್ತಾ, ಕೈಕಾಲು ಒಂದೇ ಕಡೆ ಎಳೆಯುತ್ತಿತ್ತಾ, ಮಾತ್ರೆ ಯಾವಾಗ ನಿಲ್ಲಿಸಿದ್ದು, ಮನೆಯಲ್ಲಿ ಇನ್ಯಾರಿಗೆ ಏನಿತ್ತು. ಹಳೇ ಚೀಟಿಗಳು ಕಳೆದುಹೋಗಿದ್ದರೆ ಇದೆಲ್ಲ ಗೊತ್ತಿರುವುದು ಅವರೊಬ್ಬರಿಗೇ. ತಂಗಿಯ ಜೊತೆ ಅವರನ್ನೂ ಕರೆದುಕೊಂಡು ಹೋಗಿ, ಅವರ ಅನುಮಾನವನ್ನು ಅವರೇ ಡಾಕ್ಟರಿಗೆ ಕೇಳಲಿ.